ತಡೆಗೋಡೆಯ ದೀಪಗಳು: ಎರಡರಿಂದ ಗುಣಿಸುವುದು ಯಾವಾಗ?

ಹೊರಾಂಗಣದ ತಡೆಗೋಡೆಗೂ ಮೆಟ್ಟಿಲುಗಳಿಗೂ ಹಾಕುವ 12 ವೋಲ್ಟ್ ಎಲ್‌ಇಡಿ ದೀಪಗಳ ಬಗ್ಗೆ ಓದಿದ್ದು ಮರೆತುಹೋಗುವ ಮುನ್ನ ಬರೆದಿಡುತ್ತಿದ್ದೇನೆ. ದೀಪದ ಆಯ್ಕೆ, ಬಣ್ಣ, ಕೂರಿಸುವ ಜಾಗ ಇವೆಲ್ಲ ಒಮ್ಮೆ ಓದಿದರೆ ತಿಳಿಯುತ್ತವೆ. ಕಾಡುವುದು ಲೆಕ್ಕ, ಅದರಲ್ಲೂ ಒಂದೇ ಪ್ರಶ್ನೆ: ತಂತಿಯ ಉದ್ದವನ್ನು ಯಾವಾಗ ಎರಡರಿಂದ ಗುಣಿಸಬೇಕು, ಯಾವಾಗ ಬೇಡ? ಟಿಪ್ಪಣಿಯ ಬಹುಪಾಲು ಅದಕ್ಕೇ ಹೋಗಿದೆ.

ಒಟ್ಟು ವ್ಯವಸ್ಥೆ

ಟ್ರಾನ್ಸ್‌ಫಾರ್ಮರ್ ಮನೆಯ ವಿದ್ಯುತ್ತನ್ನು 12 ಅಥವಾ 24 ವೋಲ್ಟ್‌ಗೆ ಇಳಿಸುತ್ತದೆ. ಅಲ್ಲಿಂದ ಎರಡೆಳೆಯ ಕೇಬಲ್ ಗೋಡೆಯವರೆಗೆ ಹೋಗುತ್ತದೆ, ದೀಪಗಳನ್ನು ಅದಕ್ಕೆ ಸಮಾಂತರವಾಗಿ ಜೋಡಿಸುತ್ತಾರೆ. ಒಂದು ಕೆಟ್ಟರೂ ಉಳಿದವು ಉರಿಯುತ್ತವೆ. 12 ವೋಲ್ಟ್ ಎಂದರೆ ಶಾಕ್ ಹೊಡೆಯುವ ಭಯ ಬಹಳ ಕಡಿಮೆ, ನಿಜ. ಬೆಂಕಿಯ ವಿಷಯದಲ್ಲಿ ಮಾತ್ರ ಆ ಧೈರ್ಯ ಸಲ್ಲದು. 30 ವ್ಯಾಟ್‌ನ ದೀಪಗಳು 230 ವೋಲ್ಟ್‌ನಲ್ಲಿ ಸುಮಾರು 0.13 ಆಂಪಿಯರ್ ಎಳೆದರೆ, 12 ವೋಲ್ಟ್‌ನಲ್ಲಿ 2.5 ಆಂಪಿಯರ್ ಎಳೆಯುತ್ತವೆ. ಸಡಿಲವಾದ ಜೋಡಣೆ ಬಿಸಿಯಾಗುವುದು ಈ ಪ್ರವಾಹದಿಂದ. ಸಾಲಿನ ಕೊನೆಯ ದೀಪ ಮಂಕಾಗುವುದಕ್ಕೂ ಇದೇ ಕಾರಣ.

ವೋಲ್ಟೇಜ್ ಇಳಿಕೆ: ಒಯ್ಯುವ ತಂತಿ, ಹಂಚುವ ತಂತಿ

ಸೂತ್ರ ಶಾಲೆಯಲ್ಲಿ ಕಲಿತ ಓಮ್‌ನ ನಿಯಮವೇ: ಇಳಿಕೆ = ಪ್ರವಾಹ × ರೋಧ. 1.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.0121 ಓಮ್, 2.5 ಚದರ ಮಿಲಿಮೀಟರಿನದು ಸುಮಾರು 0.0074 ಓಮ್.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗೋಡೆಗೆ 3 ವ್ಯಾಟ್‌ನ 10 ದೀಪಗಳು, ಒಂದಕ್ಕೊಂದು 1.5 ಮೀಟರ್ ದೂರ. ಅಂದರೆ ಮೊದಲ ದೀಪದಿಂದ ಕೊನೆಯದಕ್ಕೆ 13.5 ಮೀಟರ್. ಟ್ರಾನ್ಸ್‌ಫಾರ್ಮರಿನಿಂದ ಮೊದಲ ದೀಪಕ್ಕೆ 20 ಮೀಟರ್. ಒಟ್ಟು ಪ್ರವಾಹ 2.5 ಆಂಪಿಯರ್. ಕೇಬಲ್ 1.5 ಚದರ ಮಿಲಿಮೀಟರಿನದು.

ಮೊದಲ 20 ಮೀಟರ್ ಒಯ್ಯುವ ತಂತಿ. ನಡುವೆ ದೀಪವಿಲ್ಲ, ಪೂರ್ತಿ 2.5 ಆಂಪಿಯರ್ ಉದ್ದಕ್ಕೂ ಹರಿಯುತ್ತದೆ. ಹೋದ ಪ್ರವಾಹ ಇನ್ನೊಂದು ಎಳೆಯಲ್ಲಿ ಹಿಂದಿರುಗಲೇಬೇಕು, ಅಲ್ಲಿಯೂ ಅಷ್ಟೇ ರೋಧ ಇದೆ. ಆದ್ದರಿಂದ ಉದ್ದ 20 ಅಲ್ಲ, 40 ಮೀಟರ್. ಇಳಿಕೆ: 2.5 × 40 × 0.0121 = 1.21 ವೋಲ್ಟ್. ಮೊದಲ ದೀಪ ಮುಟ್ಟುವ ಹೊತ್ತಿಗೇ ಹತ್ತನೇ ಒಂದು ಪಾಲು ತಂತಿಯಲ್ಲಿ ಕರಗಿಹೋಗಿದೆ.

ಮುಂದಿನ 13.5 ಮೀಟರ್ ಹಂಚುವ ತಂತಿ. ಗೊಂದಲ ಹುಟ್ಟುವುದು ಇಲ್ಲಿ. ಪೂರ್ತಿ 2.5 ಆಂಪಿಯರ್ ಹಿಡಿದು, 27 ಮೀಟರ್‌ಗೆ ಲೆಕ್ಕ ಹಾಕಿದರೆ 0.82 ವೋಲ್ಟ್ ಬರುತ್ತದೆ. ಆದರೆ ಪ್ರವಾಹ ಕೊನೆಯವರೆಗೂ ಅಷ್ಟೇ ಇರುವುದಿಲ್ಲವಲ್ಲ! ಮೊದಲ ದೀಪ ತನ್ನ 0.25 ಆಂಪಿಯರ್ ತೆಗೆದುಕೊಂಡ ಮೇಲೆ ಮುಂದಿನ ತುಂಡಿನಲ್ಲಿ 2.25 ಉಳಿಯುತ್ತದೆ, ಅದರ ಮುಂದೆ 2.0, ಹೀಗೆ ಇಳಿಯುತ್ತ ಕೊನೆಯ ತುಂಡಿನಲ್ಲಿ ಹರಿಯುವುದು ಬರೀ 0.25. ಒಟ್ಟು ಒಂಬತ್ತು ತುಂಡುಗಳು. ಮೊದಲ ತುಂಡಿನದನ್ನೂ ಕೊನೆಯದನ್ನೂ ಕೂಡಿದರೆ 2.5, ಎರಡನೆಯದನ್ನೂ ಕೊನೆಯಿಂದ ಎರಡನೆಯದನ್ನೂ ಕೂಡಿದರೆ ಮತ್ತೆ 2.5. ಹೀಗೆ ನಾಲ್ಕು ಜೋಡಿ ಆದ ಮೇಲೆ ನಡುವಿನ ತುಂಡು ಒಂಟಿಯಾಗಿ ಉಳಿಯುತ್ತದೆ, ಅದರಲ್ಲಿ 1.25. ಅಂದರೆ ತುಂಡೊಂದಕ್ಕೆ ಸರಾಸರಿ 1.25 ಆಂಪಿಯರ್, ಒಟ್ಟು ಪ್ರವಾಹದ ನಿಖರವಾಗಿ ಅರ್ಧ.

ಈಗ ಲೆಕ್ಕ: 1.25 × 27 × 0.0121, ಸುಮಾರು 0.41 ವೋಲ್ಟ್. ಹೋಗಿಬರುವ ದಾರಿಗೆಂದು ಎರಡರಿಂದ ಗುಣಿಸಿದೆವು, ಪ್ರವಾಹ ಸೋರುತ್ತ ಹೋಗುವುದಕ್ಕೆಂದು ಎರಡರಿಂದ ಭಾಗಿಸಿದೆವು; ಎರಡೂ ಹೊಡೆದುಹೋದವು. ಹಾಗಾಗಿ ನಾನು ಇಟ್ಟುಕೊಂಡ ಸೂತ್ರ ಇಷ್ಟೇ: ಒಯ್ಯುವ ತಂತಿಗೆ ಎರಡು, ಹಂಚುವ ತಂತಿಗೆ ಒಂದು. ಗೋಡೆಯ ಉದ್ದಕ್ಕೆ ಪೂರ್ತಿ ಪ್ರವಾಹ ಹಿಡಿದು ಒಂದೇ ಎಳೆಯ ಉದ್ದ ಹಾಕಿದರೆ ಉತ್ತರ ಸಿಗುತ್ತದೆ. ಷರತ್ತು: ದೀಪಗಳೆಲ್ಲ ಒಂದೇ ವ್ಯಾಟ್‌ನವಾಗಿರಬೇಕು, ಸಮ ಅಂತರದಲ್ಲಿರಬೇಕು, ಒಯ್ಯುವ ತಂತಿ ಮೊದಲ ದೀಪದಲ್ಲೇ ಮುಗಿಯಬೇಕು. ಮೂರರಲ್ಲಿ ಒಂದು ತಪ್ಪಿದರೂ ತುಂಡು ತುಂಡಾಗಿಯೇ ಲೆಕ್ಕ ಹಾಕಬೇಕು.

ಒಟ್ಟು ಇಳಿಕೆ 1.62 ವೋಲ್ಟ್, ಕೊನೆಯ ದೀಪಕ್ಕೆ ಸಿಗುವುದು ಸುಮಾರು 10.4 ವೋಲ್ಟ್. ಗಮನಿಸಿ, ಇದರಲ್ಲಿ ಮುಕ್ಕಾಲು ಪಾಲು ನಷ್ಟ ಗೋಡೆಯದಲ್ಲ, ಒಯ್ಯುವ ತಂತಿಯದು. ಆದ್ದರಿಂದ ದಪ್ಪ ಕೇಬಲ್ ಎಲ್ಲಾದರೂ ಬೇಕಿದ್ದರೆ ಅದು ಅಲ್ಲಿ. ಒಯ್ಯುವ ಭಾಗಕ್ಕೆ ಮಾತ್ರ 2.5 ಚದರ ಮಿಲಿಮೀಟರ್ ಹಾಕಿದರೂ ಆ 1.21 ವೋಲ್ಟ್ 0.74ಕ್ಕೆ ಇಳಿಯುತ್ತದೆ.

24 ವೋಲ್ಟ್‌ಗೆ ಹೋದರೆ ಇನ್ನೂ ಸುಲಭ. ಅದೇ ವ್ಯಾಟ್‌ಗೆ ಪ್ರವಾಹ ಅರ್ಧ, ಹಾಗಾಗಿ ಇಳಿಕೆಯೂ ಅರ್ಧ, 0.81 ವೋಲ್ಟ್. ಅದನ್ನು 12ಕ್ಕಲ್ಲ, 24ಕ್ಕೆ ಹೋಲಿಸಬೇಕು: ಶೇಕಡಾ 13.5 ಇದ್ದದ್ದು ಶೇಕಡಾ 3.4ಕ್ಕೆ ಬಂತು. ವೋಲ್ಟೇಜ್ ಇಮ್ಮಡಿಯಾದರೆ ನಷ್ಟದ ಶೇಕಡಾವಾರು ಕಾಲು ಪಾಲಾಗುತ್ತದೆ.

ಒಂದು ಕಿರುಕುಳ ಬಾಕಿ ಇದೆ. ಒಳಗೆ ಸ್ವಂತ ಡ್ರೈವರ್ (ಎಲ್‌ಇಡಿಗೆ ಹೋಗುವ ಪ್ರವಾಹವನ್ನು ಹದದಲ್ಲಿಡುವ ಸರ್ಕ್ಯೂಟ್) ಇರುವ ದೀಪಗಳು ಸಾಮಾನ್ಯವಾಗಿ ವೋಲ್ಟೇಜ್ ಇಳಿದಾಗ ಹೆಚ್ಚು ಪ್ರವಾಹ ಎಳೆದು ಬೆಳಕನ್ನು ಉಳಿಸಿಕೊಳ್ಳುತ್ತವೆ, ತಮ್ಮ ಕನಿಷ್ಠ ಮಿತಿ ದಾಟಿದೊಡನೆ ಮಿನುಗುತ್ತವೆ ಅಥವಾ ಆರಿಹೋಗುತ್ತವೆ. ಬರೀ ರೋಧಕ ಇರುವ ಪಟ್ಟಿ ದೀಪಗಳು ನಿಧಾನವಾಗಿ ಮಂಕಾಗುತ್ತವೆ. ಮೊದಲ ಬಗೆಯ ದೀಪಗಳಿಗೆ ನಿಜವಾದ ಇಳಿಕೆ ನಮ್ಮ ಲೆಕ್ಕಕ್ಕಿಂತ ತುಸು ಹೆಚ್ಚೇ ಇರುತ್ತದೆ.

ಟ್ರಾನ್ಸ್‌ಫಾರ್ಮರ್ ಗೋಡೆಯ ನಡುಭಾಗಕ್ಕೆ ಎದುರಾಗಿದ್ದರೆ ತಂತಿಯನ್ನು ಸಾಲಿನ ತುದಿಗೆ ಒಯ್ಯದೆ ನಡುವಿಗೆ ತಂದು ಎರಡೂ ಕಡೆ ಹಂಚಬಹುದು. ಪ್ರತಿ ಕಡೆಗೂ ಅರ್ಧ ಪ್ರವಾಹ, ಅರ್ಧ ಉದ್ದ. ಹಂಚುವ ಭಾಗದ ಇಳಿಕೆ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಬರುತ್ತದೆ.

ದೀಪ ಎಲ್ಲಿ ಕೂರಬೇಕು

ತಡೆಗೋಡೆಗೆ ನನಗೆ ಹಿಡಿಸಿದ್ದು ಗೋಡೆಯ ತಲೆಗೆ ಹಾಸುವ ಚಪ್ಪಡಿಯ ಅಡಿಯಲ್ಲಿ ಅಡಗಿ ಕೂರುವ ದೀಪ. ಬೆಳಕು ಗೋಡೆಯನ್ನು ಸವರಿಕೊಂಡು ಕೆಳಗಿಳಿಯುವುದರಿಂದ ಕಲ್ಲಿನ ಉಬ್ಬುತಗ್ಗು ಎದ್ದು ಕಾಣುತ್ತದೆ. ಕಟ್ಟಿದವರ ಕೈಯ ಓರೆಕೋರೆಯೂ ಅಷ್ಟೇ ಚೆನ್ನಾಗಿ ಕಾಣುತ್ತದೆ! ಚಪ್ಪಡಿಯನ್ನು ಅಂಟಿಸುವ ಮೊದಲೇ ತಂತಿ ಎಳೆದಿರಬೇಕು. ಗೋಡೆಯ ಹಿಂದೆ ನೀರು ಬಸಿಯಲು ಜಲ್ಲಿ, ಮುಂದೆ ನೀರು ಹೊರಹೋಗುವ ಕಿಂಡಿಗಳು ಇರುತ್ತವೆ. ತಂತಿಯಾಗಲಿ ದೀಪವಾಗಲಿ ಆ ಕಿಂಡಿಗಳನ್ನು ಮುಚ್ಚಬಾರದು. ಮಣ್ಣಿನ ಒತ್ತಡಕ್ಕೆ ಗೋಡೆ ಸ್ವಲ್ಪವಾದರೂ ಮಿಸುಕುವುದರಿಂದ ದೀಪದ ಬಳಿ ತಂತಿಯನ್ನು ಒಂದು ಸುತ್ತು ಸಡಿಲ ಬಿಡಬೇಕು.

ಮೆಟ್ಟಿಲಿನಲ್ಲಿ ಕಾಣಬೇಕಾದದ್ದು ಅಂಚು, ದೀಪವಲ್ಲ. ಕೆಳಗಿನಿಂದ ಹತ್ತುವವರ ಕಣ್ಣು ಮೆಟ್ಟಿಲಿನ ಎದುರು ಮುಖಕ್ಕೆ ನೇರ ಬೀಳುತ್ತದೆ, ಅಲ್ಲಿ ಮರೆಯಿಲ್ಲದ ದೀಪವಿದ್ದರೆ ಕಣ್ಣು ಕುಕ್ಕುತ್ತದೆ. ಒಂದೆರಡು ವ್ಯಾಟ್ ಸಾಕು. ಬಣ್ಣ 2700ರಿಂದ 3000 ಕೆಲ್ವಿನ್, ಅಂದರೆ ಹಳದಿ ಛಾಯೆಯ ಬೆಚ್ಚನೆಯ ಬಿಳುಪು.

ನೀರು, ಜೋಡಣೆ, ಅಳತೆ

ದೀಪ ಧೂಳನ್ನೂ ನೀರನ್ನೂ ಎಷ್ಟು ತಡೆಯುತ್ತದೆ ಎಂಬುದರ ಗುರುತು ಐಪಿ ಸಂಖ್ಯೆ. ಐಪಿ65 ಎಂದರೆ ನೀರಿನ ಚಿಲುಮೆ ತಡೆಯುತ್ತದೆ. ಐಪಿ67 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿದರೂ ತಾಳುತ್ತದೆ. ನೀರು ನಿಲ್ಲುವ ಜಾಗಕ್ಕೆ ಎರಡನೆಯದೇ ಬೇಕು. ದೀಪ ಎಷ್ಟೇ ಗಟ್ಟಿಯಾಗಿರಲಿ, ಜೋಡಣೆಯಲ್ಲಿ ನೀರು ಹೊಕ್ಕರೆ ತಂತಿಯ ಎಳೆಗಳ ಸಂದಿನಲ್ಲಿ ಅದು ಮುಂದೆ ಮುಂದೆ ಹೀರಿಕೊಂಡು ಹೋಗಿ ತಾಮ್ರ ಕಪ್ಪಾಗುತ್ತದೆ. ಒಳಗೆ ಜೆಲ್ ತುಂಬಿದ ಕನೆಕ್ಟರ್ ಬಿಟ್ಟು ಬರೀ ಟೇಪ್ ಸುತ್ತುವುದು ಬೇಡ.

ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದಲ್ಲಿ ಶೇಕಡಾ 80ರಷ್ಟನ್ನೇ ಬಳಸುವುದು ರೂಢಿ. ಹಳೆಯ ಹ್ಯಾಲೊಜನ್ ದೀಪಗಳಿಗೆಂದು ಮಾಡಿದ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್‌ಗಳಿಗೆ ಸಾಮಾನ್ಯವಾಗಿ ಕನಿಷ್ಠ ಹೊರೆ ಬೇಕು. ಎಲ್‌ಇಡಿಯ ಸಣ್ಣ ಹೊರೆಗೆ ಅವು ಮಿನುಗಿಸುತ್ತವೆ.

ಕೊನೆಗೆ ಮಲ್ಟಿಮೀಟರ್ ಹಿಡಿದು ಅಳೆಯುವುದು ಕೊನೆಯ ದೀಪದ ಬಳಿ, ಎಲ್ಲ ದೀಪಗಳೂ ಉರಿಯುತ್ತಿರುವಾಗ. ದೀಪ ಜೋಡಿಸುವ ಮೊದಲು ಬರಿಯ ತಂತಿಯ ತುದಿಯಲ್ಲಿ ಅಳೆದರೆ ಪ್ರವಾಹವೇ ಇಲ್ಲದ್ದರಿಂದ ಇಳಿಕೆಯೂ ಇಲ್ಲ, ಮೀಟರ್ ಪೂರ್ತಿ 12 ತೋರಿಸಿ ದಾರಿ ತಪ್ಪಿಸುತ್ತದೆ. ಟ್ರಾನ್ಸ್‌ಫಾರ್ಮರ್ ಎಸಿ ಕೊಡುವಂಥದ್ದಾದರೆ ಮೀಟರನ್ನೂ ಎಸಿಗೆ ತಿರುಗಿಸಿರಬೇಕು. ಡಿಸಿಯಲ್ಲಿಟ್ಟರೆ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ.