ಬಾಯಿಯ ಬಿಳಿ ಮಚ್ಚೆಗೆ ಕರ್ಕ್ಯುಮಿನ್ ಮಾತ್ರೆ ಸಾಕಾಗುತ್ತಾ?

ಪ್ರಶ್ನೆ: ಕೆನ್ನೆಯ ಒಳಭಾಗದಲ್ಲಿ ಒಂದು ಬಿಳಿ ಮಚ್ಚೆ ಇದೆ. ಡಾಕ್ಟರು ನೋಡಿ, ‘ಇದು ಲ್ಯೂಕೋಪ್ಲೇಕಿಯಾ ಥರ ಕಾಣುತ್ತಿದೆ, ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಇರುತ್ತೆ, ಬಯಾಪ್ಸಿ ಮಾಡಿಸಿ’ ಅಂದಿದ್ದಾರೆ. ಅರಿಶಿನದಿಂದ ತೆಗೆದ ಕರ್ಕ್ಯುಮಿನ್ ಮಾತ್ರೆಯಲ್ಲೇ ಇದು ವಾಸಿಯಾಗುತ್ತೆ ಅಂತ ಓದಿದ್ದೇನೆ. ಮೊದಲು ಅದನ್ನು ಕೆಲವು ತಿಂಗಳು ತಗೊಂಡು ನೋಡಬಹುದಾ?

ಉತ್ತರ: ಬೇಡ. ಮೊದಲು ಬಯಾಪ್ಸಿ ಮಾಡಿಸಿ. ಕರ್ಕ್ಯುಮಿನ್ ಬೇಕೋ ಬೇಡವೋ ಅನ್ನುವ ಮಾತು ಆಮೇಲೆ.

ಹಾಗಂತ ನೀವು ಓದಿದ್ದೆಲ್ಲ ಸುಳ್ಳು ಅಂತ ಅಲ್ಲ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವುದೇ ಕರ್ಕ್ಯುಮಿನ್. ಉರಿಯೂತವನ್ನು ಹೆಚ್ಚಿಸುವ, ಜೀವಕೋಶಗಳು ಹದ ತಪ್ಪಿ ಬೆಳೆಯಲು ನೆರವಾಗುವ ಕೆಲವು ಸಂಕೇತಗಳನ್ನು ಅದು ತಗ್ಗಿಸುತ್ತದೆ ಅಂತ ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಕಂಡಿದೆ. ಅದಕ್ಕೇ ವೈದ್ಯರು ಇದನ್ನು ಮನುಷ್ಯರಲ್ಲೂ ಗಂಭೀರವಾಗಿ ಪರೀಕ್ಷಿಸಿದ್ದಾರೆ.

ಇವುಗಳಲ್ಲಿ ನಿಮ್ಮ ಪ್ರಶ್ನೆಗೆ ಅತಿ ಹತ್ತಿರದ್ದು ಭಾರತದಲ್ಲೇ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ. ಲ್ಯೂಕೋಪ್ಲೇಕಿಯಾ ಇದ್ದ 223 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 3.6 ಗ್ರಾಂ ಕರ್ಕ್ಯುಮಿನ್, ಇನ್ನೊಂದಕ್ಕೆ ನೋಡಲು ಹಾಗೇ ಇರುವ, ಔಷಧ ಇಲ್ಲದ ಮಾತ್ರೆ. ಆರು ತಿಂಗಳಾದ ಮೇಲೆ ಕರ್ಕ್ಯುಮಿನ್ ಗುಂಪಿನ ಶೇ 67.5ರಷ್ಟು ಜನರಲ್ಲಿ ಕಣ್ಣಿಗೆ ಕಾಣುವ ಸುಧಾರಣೆ ಇತ್ತು.

ಇಷ್ಟನ್ನೇ ಓದಿದರೆ ಖುಷಿಯಾಗುತ್ತೆ, ಅಲ್ವಾ? ಆದರೆ ಔಷಧವೇ ಇಲ್ಲದ ಮಾತ್ರೆ ನುಂಗಿದವರಲ್ಲೂ ಶೇ 55.3ರಷ್ಟು ಜನರ ಮಚ್ಚೆ ಸುಧಾರಿಸಿತ್ತು. ಈ ಮಚ್ಚೆಗಳ ಸ್ವಭಾವವೇ ಹಾಗೆ. ಕೆಲವು ತಾವಾಗಿಯೇ ಕುಗ್ಗುತ್ತವೆ, ತಂಬಾಕು ಬಿಟ್ಟವರಲ್ಲಂತೂ ಕುಗ್ಗುವುದು ಜಾಸ್ತಿ. ಹಾಗಾಗಿ ‘ನಾನು ಮಾತ್ರೆ ತಗೊಂಡೆ, ಮಚ್ಚೆ ಹೋಯ್ತು’ ಅಂತ ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅದು ಮಾತ್ರೆಯಿಂದಲೇ ಹೋಯಿತು ಅನ್ನಲು ಬರುವುದಿಲ್ಲ. ಎರಡು ಗುಂಪುಗಳ ನಡುವಿನ ವ್ಯತ್ಯಾಸ ನಿಜ, ಆದರೆ ಅದು ಸಣ್ಣದು. ಆರು ತಿಂಗಳಲ್ಲಿ ಅರ್ಧಂಬರ್ಧ ಸುಧಾರಿಸಿದವರಿಗೆ ಮಾತ್ರೆ ಮುಂದುವರಿಸಿದಾಗ ಹೆಚ್ಚಿನ ಲಾಭವೂ ಆಗಲಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು ಸಂಗತಿ. ಅದೇ ಅಧ್ಯಯನದಲ್ಲಿ ಮಚ್ಚೆಯ ತುಣುಕು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಎರಡು ಗುಂಪುಗಳ ನಡುವೆ ಗಟ್ಟಿಯಾಗಿ ಹೇಳಬಹುದಾದ ವ್ಯತ್ಯಾಸ ಸಿಗಲಿಲ್ಲ. ಅಂದರೆ ಮೇಲಿನ ಬಿಳುಪು ಕಡಿಮೆಯಾದರೂ ಒಳಗಿನ ಜೀವಕೋಶಗಳು ಸರಿಹೋದವು ಅನ್ನುವುದಕ್ಕೆ ಆಧಾರ ಇಲ್ಲ. ಕ್ಯಾನ್ಸರ್ ಹುಟ್ಟುವುದು ಆ ಜೀವಕೋಶಗಳಿಂದ. ಕನ್ನಡಿಯಲ್ಲಿ ನಿಮಗೆ ಕಾಣುವುದು ಬರೀ ಬಣ್ಣ.

2001ರಲ್ಲಿ ತೈವಾನ್‌ನಿಂದ ಒಂದು ಪುಟ್ಟ ಅಧ್ಯಯನ ಬಂದಿತ್ತು. ಅದರಲ್ಲಿ ಲ್ಯೂಕೋಪ್ಲೇಕಿಯಾ ಇದ್ದವರು ಏಳೇ ಜನ. ಇಬ್ಬರಲ್ಲಿ ಜೀವಕೋಶದ ಮಟ್ಟದಲ್ಲೇ ಸುಧಾರಣೆ ಕಂಡಿತು. ಒಬ್ಬರಿಗೆ ಕರ್ಕ್ಯುಮಿನ್ ಕೊಟ್ಟರೂ ಕ್ಯಾನ್ಸರ್ ಬಂತು. ಏಳು ಜನರ ಲೆಕ್ಕದಿಂದ ಏನೂ ತೀರ್ಮಾನಿಸಲು ಆಗುವುದಿಲ್ಲ ನಿಜ. ಆದರೆ ಮಾತ್ರೆ ನುಂಗುತ್ತಿದ್ದೇವೆ ಅಂತ ನಿಶ್ಚಿಂತೆಯಾಗಿ ಕೂರುವಂತಿಲ್ಲ ಅನ್ನುವುದಕ್ಕೆ ಅಷ್ಟು ಸಾಕು.

ಇನ್ನು ಬಯಾಪ್ಸಿ. ಹೆದರಿ ಮುಂದೂಡುವವರು ತುಂಬಾ ಜನ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಚ್ಚೆಯ ಪಕ್ಕದಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಚುಚ್ಚುವಾಗ ಉರಿಯುತ್ತದೆ, ಆಮೇಲೆ ಎಳೆದಂತೆ ಅನ್ನಿಸುವುದು ಬಿಟ್ಟರೆ ಜಾಸ್ತಿ ನೋವಿರುವುದಿಲ್ಲ. ಕೆಲವೇ ಮಿಲಿಮೀಟರ್‌ನ ತುಣುಕು ತೆಗೆದು, ಬೇಕಿದ್ದರೆ ಒಂದೆರಡು ಹೊಲಿಗೆ ಹಾಕುತ್ತಾರೆ. ರಿಪೋರ್ಟಿನಲ್ಲಿ ‘ಡಿಸ್‌ಪ್ಲೇಸಿಯಾ’ ಅನ್ನುವ ಪದ ಇದೆಯಾ, ಇದ್ದರೆ ಯಾವ ಹಂತದ್ದು ಅಂತ ಕೇಳಿ ತಿಳಿದುಕೊಳ್ಳಿ. ಜೀವಕೋಶಗಳು ಎಷ್ಟು ಹದಗೆಟ್ಟಿವೆ ಅನ್ನುವುದರ ಅಳತೆ ಅದು. ಸುಮ್ನೆ ಗಮನಿಸುತ್ತಾ ಇರಬೇಕೋ, ಮಚ್ಚೆಯನ್ನೇ ತೆಗೆಯಬೇಕೋ ಅನ್ನುವುದನ್ನು ಮುಖ್ಯವಾಗಿ ಅದನ್ನು ನೋಡಿಯೇ ನಿರ್ಧರಿಸುತ್ತಾರೆ. ಮಚ್ಚೆಯಲ್ಲಿ ಕೆಂಪು ಬೆರೆತಿದ್ದರೆ, ಗಟ್ಟಿಯಾಗಿದ್ದರೆ ಅಥವಾ ಹುಣ್ಣಾಗಿದ್ದರೆ ಒಂದು ವಾರವೂ ಕಾಯಬೇಡಿ. ಕೆಂಪು ಮಚ್ಚೆ ಬಿಳಿ ಮಚ್ಚೆಗಿಂತ ಹೆಚ್ಚು ಅಪಾಯದ್ದು.

ತಂಬಾಕು, ಅಡಿಕೆ, ಮದ್ಯದ ಅಭ್ಯಾಸ ಇದ್ದರೆ ಬಿಡಲೇಬೇಕು. ಅಡಿಕೆ ಅಗಿಯುವವರಿಗೆ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ನಲ್ಲಿ ಕೆನ್ನೆ ಬಿಗಿದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಅಲ್ಲೂ ಕರ್ಕ್ಯುಮಿನ್ ಕೊಟ್ಟು ನೋಡಿದ್ದಾರೆ. ಉರಿ ಕಡಿಮೆಯಾಗಿ, ಬಾಯಿ ಕೆಲವು ಮಿಲಿಮೀಟರ್ ಹೆಚ್ಚು ತೆರೆದದ್ದು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಊಟ ಮಾಡಲು ಒದ್ದಾಡುವವರಿಗೆ ಅಷ್ಟೂ ದೊಡ್ಡದೇ. ಆದರೆ ಅದರಿಂದ ಕ್ಯಾನ್ಸರ್ ತಪ್ಪುತ್ತದೆ ಅಂತ ಸಾಬೀತಾಗಿಲ್ಲ.

ಮಾತ್ರೆ ಬದಲು ಅರಿಶಿನ ಪುಡಿಯನ್ನೇ ತಿಂದರೆ? ನೂರು ಗ್ರಾಂ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಮೂರು ಗ್ರಾಂ. ಅಧ್ಯಯನದ ಪ್ರಮಾಣ ಮುಟ್ಟಲು ದಿನಕ್ಕೆ 120 ಗ್ರಾಂ ಪುಡಿ ತಿನ್ನಬೇಕು, ಅದು ಆಗದ ಮಾತು. ಸಾಲದ್ದಕ್ಕೆ, ನುಂಗಿದ ಕರ್ಕ್ಯುಮಿನ್‌ನಲ್ಲಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅದಕ್ಕೇ ಕೆಲವು ಮಾತ್ರೆಗಳಲ್ಲಿ ಕಾಳುಮೆಣಸಿನ ಪೈಪರಿನ್ ಬೆರೆಸುತ್ತಾರೆ. ಆಗ ಹೀರಿಕೆ ಹೆಚ್ಚುತ್ತದೆ, ಜೊತೆಗೆ ನೀವು ತಗೊಳ್ಳುವ ಬೇರೆ ಔಷಧಗಳ ಪ್ರಮಾಣವೂ ರಕ್ತದಲ್ಲಿ ಏರಬಹುದು. ಇಂಥ ಮಾತ್ರೆಗಳಿಂದ ಕೆಲವರಿಗೆ ಲಿವರ್‌ಗೆ ಪೆಟ್ಟಾದದ್ದೂ ವರದಿಯಾಗಿದೆ.

ರಿಪೋರ್ಟ್ ಬಂದ ಮೇಲೂ ಕರ್ಕ್ಯುಮಿನ್ ಬೇಕು ಅನ್ನಿಸಿದರೆ ನಿಮ್ಮ ಡಾಕ್ಟರ ಹತ್ತಿರವೇ ಮಾತಾಡಿ. ಪಿತ್ತಕೋಶದ ಕಲ್ಲು ಅಥವಾ ಲಿವರ್ ತೊಂದರೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಈಗಾಗಲೇ ಕರ್ಕ್ಯುಮಿನ್ ಶುರು ಮಾಡಿದ್ದರೆ ಬಯಾಪ್ಸಿಗೆ ಮುಂಚೆಯೇ ತಿಳಿಸಿ, ರಕ್ತಸ್ರಾವದ ವಿಷಯದಲ್ಲಿ ಅವರಿಗೆ ಅದು ಗೊತ್ತಿರಬೇಕು.