ಕಬ್ಬಿನ ಗ್ಯಾಂಗಿನ ಹುಡುಗಿ ಕತೆಯಲ್ಲಿ ಏನು ಮಾಡುತ್ತಾಳೆ?

ವಿಜಯಪುರ ಜಿಲ್ಲೆಯ ಶಾಲೆಗಳಿಗೆ ಮಕ್ಕಳ ಪುಸ್ತಕ ಆರಿಸಿಕೊಡುವುದು ನನ್ನ ಕೆಲಸ. ಈಗೀಗ ಮಾಸ್ತರರು ಕೇಳುವುದು ಒಂದೇ ಮಾತು: ‘ಎಲ್ಲಾ ಥರದ ಹುಡುಗರೂ ಇರೋ ಪುಸ್ತಕ ಕೊಡ್ರಿ ಸರ್.’ ಒಳ್ಳೆಯದೇ. ಆದರೆ ಚಿತ್ರದಲ್ಲಿ ಲಂಬಾಣಿ ತಾಂಡಾದ ಹುಡುಗಿ, ಬುರ್ಖಾ ತೊಟ್ಟ ತಾಯಿ, ಗಾಲಿಕುರ್ಚಿಯ ಹುಡುಗ ಕಂಡರೆ ಅಷ್ಟಕ್ಕೇ ಖುಷಿಪಡಬಾರದು. ಆ ಮಗು ಕತೆಯಲ್ಲಿ ಏನು ಮಾಡುತ್ತದೆ ಅಂತ ನಾನು ನೋಡುತ್ತೇನೆ.

ಎಣಿಸುವುದೂ ಬೇಕು, ಇಲ್ಲ ಅನ್ನುವುದಿಲ್ಲ. ಅಮೆರಿಕದಲ್ಲಿ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ 1965ರಲ್ಲಿ ಮೂರು ವರ್ಷಗಳ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಪುಸ್ತಕಗಳ ಲೆಕ್ಕ ಕೊಟ್ಟರು. ಕಪ್ಪು ಜನ ಒಬ್ಬರಾದರೂ ಕಾಣಿಸಿದ್ದು ಶೇ. 6.7ರಲ್ಲಿ ಮಾತ್ರ. 1990ರಲ್ಲಿ ಅಲ್ಲಿನ ಮಕ್ಕಳ ಸಾಹಿತ್ಯದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್, ಪುಸ್ತಕ ಮಗುವಿಗೆ ತನ್ನನ್ನೇ ಕಾಣುವ ಕನ್ನಡಿಯೂ ಆಗಬೇಕು, ಬೇರೆಯವರ ಬದುಕು ಕಾಣುವ ಕಿಟಕಿಯೂ ಆಗಬೇಕು ಎಂದರು. ನಮ್ಮ ತರಬೇತಿಗಳಲ್ಲಿ ಈ ಮಾತು ಕೇಳಿ ಕೇಳಿ ಸವೆದುಹೋಗಿದೆ. ಅವರು ಹೇಳಿದ ಇನ್ನೊಂದು ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಬರೀ ತನ್ನಂಥವರನ್ನೇ ಪುಸ್ತಕದಲ್ಲಿ ನೋಡುತ್ತ ಬೆಳೆದ ಮಗುವಿಗೂ ನಷ್ಟವಿದೆ, ತಾನೇ ದೊಡ್ಡವನು ಅಂತ ಅದು ನಂಬಿಬಿಡುತ್ತದೆ. ಹಾಗಾಗಿ ತಾಂಡಾದ ಕತೆ ತಾಂಡಾದ ಶಾಲೆಗಿಂತ ಗೌಡರ ಓಣಿಯ ಶಾಲೆಗೆ ಜಾಸ್ತಿ ಬೇಕು ಅಂತ ನನಗನ್ನಿಸುತ್ತದೆ.

ನನ್ನ ಮೇಜಿಗೆ ಮತ್ತೆ ಮತ್ತೆ ಬರುವ ಒಂದು ಕತೆಯಿದೆ, ಹೆಸರು ಮಾತ್ರ ಬೇರೆ ಬೇರೆ. ಅಪ್ಪ ಅವ್ವ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಹೋಗುತ್ತಾರೆ. ಹುಡುಗಿಯ ಶಾಲೆ ತಪ್ಪುತ್ತದೆ. ಮಾಸ್ತರರು ಬಂದು ಅಪ್ಪನಿಗೆ ಬುದ್ಧಿ ಹೇಳುತ್ತಾರೆ. ಅಪ್ಪನ ಕಣ್ಣು ತೆರೆಯುತ್ತದೆ, ಹುಡುಗಿ ಕೈಮುಗಿಯುತ್ತಾಳೆ. ಮುಗಿಯಿತು.

ಅಲ್ಲ, ಆ ಅಪ್ಪನಿಗೇನು ಬುದ್ಧಿ ಇರಲಿಲ್ವಾ? ಹಂಗಾಮು ಶುರುವಾಗುವ ಮೊದಲೇ ಮುಕಾದಮನ, ಅಂದರೆ ಗ್ಯಾಂಗಿಗೆ ಆಳು ಕೂಡಿಸುವವನ, ಹತ್ತಿರ ಮುಂಗಡ ತಗೊಂಡಿರುತ್ತಾನೆ. ಅದು ಮಳೆಗಾಲದಲ್ಲೇ ಖರ್ಚಾಗಿರುತ್ತದೆ. ಮಹಾರಾಷ್ಟ್ರದ ಕಡೆ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’ (ಕುಡುಗೋಲು) ಅಂತ ಲೆಕ್ಕ. ಮಗಳಿಗಾಗಿ ಅವ್ವ ಊರಲ್ಲೇ ಉಳಿದರೆ ಜೋಡಿ ಮುರಿಯಿತು, ಸಾಲ ತೀರುವುದಿಲ್ಲ. ಇದನ್ನೆಲ್ಲ ಬಿಟ್ಟು ಕತೆ ಹೇಳಿದರೆ ತಪ್ಪೆಲ್ಲ ಅಪ್ಪನ ತಲೆಗೆ ಬರುತ್ತದೆ. ಕ್ಲಾಸಿನಲ್ಲಿ ಇಂಥ ಮನೆಯ ಮಗು ಕೂತಿದ್ದರೆ ಅದು ತಲೆ ತಗ್ಗಿಸುತ್ತದೆ.

ಅದೇ ಹುಡುಗಿ ಮನೆಯಲ್ಲಿ ಲಂಬಾಣಿ, ಊರಲ್ಲಿ ಕನ್ನಡ, ಕಬ್ಬಿನ ಗದ್ದೆಯಲ್ಲಿ ಮರಾಠಿ ಮಾತಾಡುತ್ತಾಳೆ. ಪುಸ್ತಕದಲ್ಲಿ ಮಾತ್ರ ಅವಳು ಮಂಕು! ಅವಳೇ ಸಕ್ಕರೆ ಕಾರ್ಖಾನೆ ಊರಿನ ಶಾಲೆಯ ಬಾಗಿಲಿಗೆ ಹೋಗಲಿ, ಟಿಸಿ ಎಲ್ಲಿ ಅಂತ ಹೆಡ್‌ಮಾಸ್ತರು ಕೇಳಲಿ. ಟಿಸಿ ತಡವಾಯಿತು ಅಂತ ಎಂಟನೇ ಕ್ಲಾಸಿನವರೆಗಿನ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಕೈಮುಗಿಯದೆ ಕೇಳಿ ಪಡೆಯುವ ಹುಡುಗಿಯ ಕತೆ ಬರಲಿ ಅಂತ ಕಾಯುತ್ತಿದ್ದೇನೆ.

ಚಿತ್ರಗಳದ್ದೂ ಇದೇ ಹಾಡು. ಲಂಬಾಣಿ ಹುಡುಗಿ ಅಂದರೆ ಕನ್ನಡಿ ಹಚ್ಚಿದ ಲಂಗ, ಹೋಳಿ ಕುಣಿತ. ಇಂದಿನ ತಾಂಡಾದಲ್ಲಿ ಹುಡುಗಿಯರು ಚೂಡಿದಾರ ಹಾಕಿಕೊಂಡು ಮೊಬೈಲ್ ನೋಡುತ್ತ ಕೂರುತ್ತಾರೆ. ಎಲ್ಲ ಕತೆಯೂ ಅಳುವಿನದೇ ಆಗಬೇಕಿಲ್ಲ. ದಲಿತ ಕೇರಿಯ ಹುಡುಗ ಸುಮ್ನೆ ಗಾಳಿಪಟ ಹಾರಿಸಲಿ, ಪತ್ತೇದಾರಿ ಮಾಡಲಿ.

ಹೈಸ್ಕೂಲಿನವರಿಗೆ ಕನ್ನಡದಲ್ಲಿ ಪುಸ್ತಕವೇ ಕಡಿಮೆ. ಬಾಲ್ಯವಿವಾಹ, ಜಾತಿಯ ಬಗ್ಗೆ ಪುಸ್ತಕ ಅಂದರೆ ‘ಯಾಕ್ರಿ ಸರ್, ಪಾಲಕರು ಬಂದು ಕೇಳ್ತಾರ’ ಎನ್ನುತ್ತಾರೆ ಶಿಕ್ಷಕರು. ಮಕ್ಕಳು ಅದನ್ನು ಮನೆಯಲ್ಲೇ ನೋಡಿರುತ್ತಾರೆ, ನಾವೇ ಮುಚ್ಚಿಡುವುದು.

ದುಡ್ಡಿಲ್ಲದ ಶಾಲೆಗಳಿಗೆ ನಾನು ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ ತೋರಿಸುತ್ತೇನೆ. 2015ರಿಂದ ಇದೆ. ಕನ್ನಡ ಕತೆಗಳನ್ನು ಪುಕ್ಕಟೆ ಇಳಿಸಿಕೊಂಡು ಪ್ರಿಂಟ್ ಮಾಡಬಹುದು, ಮೂಲದವರ ಹೆಸರು ಹಾಕಿ ಬದಲಿಸಲೂಬಹುದು. ಲಂಬಾಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದಲ್ವಾ, ಆ ಕೆಲಸವನ್ನು ಮಕ್ಕಳ ಕೈಗೇ ಕೊಟ್ಟುಬಿಡಿ.

ಕೊನೆಗೊಂದು ವಿನಂತಿ. ಇಂಥ ಪುಸ್ತಕಗಳಿಗೆ ಬೇರೆ ಕಪಾಟು ಮಾಡಬೇಡಿ, ಚೀಟಿಯನ್ನೂ ಅಂಟಿಸಬೇಡಿ. ಮಂಗ ಮೊಸಳೆ ಕತೆಗಳ ನಡುವೆಯೇ ಇಡಿ.