ಹೈಟಿ ಗೆದ್ದಿತು, ಉಳಿದವು ಸೋತವು: ಅಟ್ಲಾಂಟಿಕ್‌ ತೀರದ ಗುಲಾಮರ ದಂಗೆಗಳ ಹಿನ್ನೆಲೆ

ಗುಲಾಮರೇ ದಂಗೆಯೆದ್ದು, ಗೆದ್ದು ಕಟ್ಟಿಕೊಂಡ ದೇಶ ಜಗತ್ತಿನಲ್ಲಿ ಒಂದೇ. ಅದು 1804ರ ಜನವರಿ 1ರಂದು ಸ್ವತಂತ್ರವಾದ ಹೈಟಿ. ಅದಕ್ಕೆ ಮೊದಲೂ ಆಮೇಲೂ ಕೆರಿಬಿಯನ್ ದ್ವೀಪಗಳಲ್ಲಿ, ಎರಡೂ ಅಮೆರಿಕಗಳಲ್ಲಿ ಎಷ್ಟೋ ದಂಗೆಗಳಾದವು, ಬಹುತೇಕ ಎಲ್ಲವನ್ನೂ ಹೊಸಕಿಹಾಕಲಾಯಿತು. ಸೋತವರಲ್ಲಿ ಧೈರ್ಯಕ್ಕೇನೂ ಕೊರತೆ ಇರಲಿಲ್ಲ, ಯೋಜನೆಗೂ ಇರಲಿಲ್ಲ. ಗೆಲುವು ಸೋಲುಗಳನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಒಡೆಯರ ಒಗ್ಗಟ್ಟು.

ದಂಗೆಯ ದಿನವನ್ನು ಎಷ್ಟು ಲೆಕ್ಕ ಹಾಕಿ ಆರಿಸುತ್ತಿದ್ದರು ನೋಡಿ. ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ದಂಗೆ ಎದ್ದದ್ದು 1739ರ ಸೆಪ್ಟೆಂಬರ್ 9ರ ಭಾನುವಾರ. ಬಿಳಿಯ ಗಂಡಸರು ಚರ್ಚಿಗೂ ಬಂದೂಕು ಒಯ್ಯಬೇಕೆಂಬ ಹೊಸ ಕಾನೂನು ಜಾರಿಗೆ ಬರಲು ಇನ್ನು ಕೆಲವೇ ವಾರಗಳಿದ್ದವು. ಸುಮಾರು ಇಪ್ಪತ್ತು ಜನ ಅಂಗಡಿಯೊಂದಕ್ಕೆ ನುಗ್ಗಿ ಬಂದೂಕು, ಮದ್ದುಗುಂಡು ತೆಗೆದುಕೊಂಡು ಸ್ಪೇನಿನವರ ಫ್ಲಾರಿಡಾದತ್ತ ಹೊರಟರು. ಬ್ರಿಟಿಷ್ ವಸಾಹತುಗಳಿಂದ ಓಡಿಬಂದವರಿಗೆ ಅಲ್ಲಿ ಬಿಡುಗಡೆಯ ಭರವಸೆ ಇತ್ತು. ದಾರಿಯಲ್ಲಿ ಅಕಸ್ಮಾತ್ತಾಗಿ ಎದುರಾದ ಲೆಫ್ಟಿನೆಂಟ್ ಗವರ್ನರ್ ಕುದುರೆ ತಿರುಗಿಸಿ ತಪ್ಪಿಸಿಕೊಂಡು ಸುದ್ದಿ ಮುಟ್ಟಿಸಿದ. ಅಂದೇ ಸಂಜೆಯೊಳಗೆ ಶಸ್ತ್ರಧಾರಿ ತೋಟಗಾರರು ಅವರನ್ನು ಸುತ್ತುವರಿದರು. ಜಮೈಕಾದಲ್ಲಿ 1760ರ ದಂಗೆ ಈಸ್ಟರಿಗೆ, 1831ರದು ಕ್ರಿಸ್‌ಮಸ್ ರಜೆಗೆ. ಕೆಲಸ ನಿಂತು, ತೋಟದಿಂದ ತೋಟಕ್ಕೆ ಓಡಾಡಿದರೂ ಅನುಮಾನ ಬಾರದ ದಿನಗಳು ಅವು.

ದಿನ ಸರಿಯಾಗಿದ್ದರೂ ಜಮೈಕಾದಲ್ಲಿ ಬೆಟ್ಟ ಕೈಕೊಟ್ಟಿತು. ಹಿಂದೆಯೇ ತಪ್ಪಿಸಿಕೊಂಡು ಬೆಟ್ಟಗಳಲ್ಲಿ ನೆಲೆಸಿದ್ದ ಮರೂನರೊಂದಿಗೆ ಬ್ರಿಟಿಷರು 1739ರಲ್ಲಿ ಒಪ್ಪಂದ ಮಾಡಿಕೊಂಡಿದ್ದರು: ನಿಮ್ಮ ಸ್ವಾತಂತ್ರ್ಯ ನಿಮಗೆ, ಆದರೆ ಹೊಸದಾಗಿ ಓಡಿಬಂದವರನ್ನು ಹಿಡಿದುಕೊಡಬೇಕು, ದಂಗೆಯಾದರೆ ನೆರವಿಗೆ ಬರಬೇಕು. 1760ರ ನಾಯಕ ಟ್ಯಾಕಿಯನ್ನು ಗುಂಡಿಟ್ಟು ಕೊಂದವನು ಒಬ್ಬ ಮರೂನನೇ. ಈಗಿನ ಗಯಾನಾದಲ್ಲಿದ್ದ ಡಚ್ಚರ ಬರ್ಬೀಸ್‌ನಲ್ಲಿ ಕೆಡುಕಾದದ್ದು ಕಾಯುವುದರಿಂದ. 1763ರಲ್ಲಿ ಕಾಫಿ ಎಂಬ ನಾಯಕನ ದಂಡು ವಸಾಹತಿನ ಬಹುಭಾಗವನ್ನು ಹಿಡಿಯಿತು. ನಾಡನ್ನು ಎರಡು ಪಾಲು ಮಾಡಿಕೊಳ್ಳೋಣ ಎಂದು ಅವನು ಗವರ್ನರನಿಗೆ ಪತ್ರ ಬರೆಸಿದ. ಗವರ್ನರ್ ಮಾತುಕತೆಯಲ್ಲಿ ತಿಂಗಳುಗಳನ್ನು ಕಳೆದ, ಸೈನ್ಯ ತರುವ ಹಡಗುಗಳಿಗಾಗಿ ಕಾದ. ಅಷ್ಟರಲ್ಲಿ ದಂಗೆಕೋರರಲ್ಲೇ ಒಡಕು ಮೂಡಿ ಕಾಫಿ ಆತ್ಮಹತ್ಯೆ ಮಾಡಿಕೊಂಡ.

ಹೈಟಿ ಆಗ ಸೇಂಟ್-ಡೊಮಿಂಗ್ ಎಂಬ ಫ್ರೆಂಚ್ ವಸಾಹತು. 1789ರಲ್ಲಿ ಅಲ್ಲಿ ಸುಮಾರು 5 ಲಕ್ಷ ಗುಲಾಮರಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಫ್ರಿಕಾದಲ್ಲೇ ಹುಟ್ಟಿದವರು, ಕಾಂಗೋದ ಕದನಗಳಲ್ಲಿ ಹೋರಾಡಿ ಪಳಗಿದವರೂ ಅವರೊಳಗಿದ್ದರು. ಬಿಳಿಯರು ಸುಮಾರು 30 ಸಾವಿರ. ಸ್ವತಂತ್ರರಾಗಿದ್ದ ಕಪ್ಪು ಮತ್ತು ಮಿಶ್ರ ಜನಾಂಗದವರೂ ಹೆಚ್ಚುಕಡಿಮೆ ಅಷ್ಟೇ. ಫ್ರಾನ್ಸಿನ ಕ್ರಾಂತಿ ಈ ಮೇಲಿನ ಎರಡು ಪದರಗಳನ್ನು ಸೀಳಿತು. ದೊಡ್ಡ ತೋಟಗಾರರಿಗೆ ವ್ಯಾಪಾರದ ಸ್ವಾತಂತ್ರ್ಯ ಬೇಕಿತ್ತು, ಬಡ ಬಿಳಿಯರಿಗೆ ಅಧಿಕಾರದಲ್ಲಿ ಪಾಲು, ಮಿಶ್ರ ಜನಾಂಗದವರಿಗೆ ಮತದಾನದ ಹಕ್ಕು. ಆ ಹಕ್ಕಿಗಾಗಿ ಆಯುಧ ಹಿಡಿದ ವಿನ್ಸೆಂಟ್ ಓಜೆಯನ್ನು 1791ರ ಫೆಬ್ರವರಿಯಲ್ಲಿ ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಮೇಲಿನವರು ಪರಸ್ಪರ ಕತ್ತಿ ಹಿರಿದಿದ್ದಾಗಲೇ, ಆಗಸ್ಟ್ 14ರ ಭಾನುವಾರ, ಉತ್ತರ ಬಯಲಿನ ತೋಟಗಳ ಪ್ರತಿನಿಧಿಗಳು ಸಭೆ ಸೇರಿದರು. ಬಹುಪಾಲು ಮೇಸ್ತ್ರಿಗಳು, ಅಂದರೆ ಒಡೆಯರ ನಂಬಿಕೆಯಿಂದ ಓಡಾಟದ ಪರವಾನಗಿ ಪಡೆದ ಗುಲಾಮರು. ಒಂದು ಕಡೆ ಆತುರಪಟ್ಟು ಬೆಂಕಿ ಹಚ್ಚಿದವರು ಸಿಕ್ಕಿಬಿದ್ದು ಗುಟ್ಟು ಹೊರಬಿದ್ದರೂ 22ರ ರಾತ್ರಿ ದಂಗೆ ಎದ್ದೇಬಿಟ್ಟಿತು. ಕಬ್ಬಿನ ಗದ್ದೆಗಳ ಜೊತೆಗೆ ಗಾಣ ಮತ್ತು ಕುದಿಸುವ ಮನೆಗಳನ್ನೂ ಸುಟ್ಟರು. ಕಬ್ಬು ಮತ್ತೆ ಚಿಗುರುತ್ತದೆ, ಆದರೆ ಗಾಣವಿಲ್ಲದ ತೋಟದಿಂದ ಒಡೆಯನಿಗೆ ಒಂದು ಹಿಡಿ ಸಕ್ಕರೆಯೂ ದಕ್ಕದು.

1793ರಲ್ಲಿ ಬ್ರಿಟನ್, ಸ್ಪೇನ್ ಎರಡೂ ಯುದ್ಧಕ್ಕೆ ಬಂದಾಗ ವಸಾಹತನ್ನು ಉಳಿಸಿಕೊಳ್ಳಲು ಫ್ರೆಂಚ್ ಕಮಿಷನರ್ ಸೊಂತೊನಾಕ್ಸ್ ಆಗಸ್ಟ್ 29ರಂದು ಉತ್ತರ ಪ್ರಾಂತದಲ್ಲಿ ಗುಲಾಮಗಿರಿ ರದ್ದೆಂದು ಸಾರಿದ. ಪ್ಯಾರಿಸ್ ಅದನ್ನು ಎಲ್ಲ ವಸಾಹತುಗಳಿಗೆ ವಿಸ್ತರಿಸಿದ್ದು 1794ರ ಫೆಬ್ರವರಿ 4ರಂದು. ಬಿಡುಗಡೆ ಪ್ಯಾರಿಸ್ ಕೊಟ್ಟ ವರವೆಂದು ಬರೆಯುವವರು ಈ ತಾರೀಕುಗಳನ್ನು ಗಮನಿಸಬೇಕು. ಅಪ್ಪಣೆ ಬಂದರೂ ಎಲ್ಲೆಡೆ ನಡೆಯಲಿಲ್ಲ. ಅದನ್ನು ಜಾರಿ ಮಾಡಲು 1796ರಲ್ಲಿ ಮಾರಿಷಸ್‌ಗೆ ಬಂದ ಅಧಿಕಾರಿಗಳನ್ನು ಅಲ್ಲಿನ ಫ್ರೆಂಚ್ ತೋಟಗಾರರು ಹಡಗು ಹತ್ತಿಸಿ ಓಡಿಸಿದರು. ಮೈಸೂರಿನ ಟಿಪ್ಪುವಿನ ದೂತರು 1798ರಲ್ಲಿ ಸೈನ್ಯದ ನೆರವು ಕೇಳಿ ಹೋದದ್ದು ಇದೇ ದ್ವೀಪಕ್ಕೆ.

1802ರಲ್ಲಿ ನೆಪೋಲಿಯನ್ ಕಳಿಸಿದ ಭಾರಿ ದಂಡು ಬಂದಿಳಿಯಿತು. ದಂಗೆಯ ಮಹಾನಾಯಕ ಟೂಸಾಂ ಲೂವೆರ್ತೂರ್‌ನನ್ನು ಮೋಸದಿಂದ ಹಿಡಿದು ಫ್ರಾನ್ಸಿಗೆ ಸಾಗಿಸಿದರು. ಅವನು 1803ರ ಏಪ್ರಿಲಿನಲ್ಲಿ ಸೆರೆಮನೆಯಲ್ಲೇ ಸತ್ತ. ಆದರೆ ಫ್ರೆಂಚರ ಮತ್ತೊಂದು ಕೆರಿಬಿಯನ್ ದ್ವೀಪವಾದ ಗ್ವಾಡೆಲೂಪ್‌ನಲ್ಲಿ ಗುಲಾಮಗಿರಿ ಮರಳುತ್ತಿದೆ ಎಂಬ ಸುದ್ದಿ ಬಂದದ್ದೇ ತಡ, ಫ್ರೆಂಚರ ಕಡೆಗಿದ್ದ ಕಪ್ಪು ದಳಪತಿಗಳು ತಿರುಗಿಬಿದ್ದರು. ಮಳೆಗಾಲದ ಸೊಳ್ಳೆಗಳೊಂದಿಗೆ ಬಂದ ಹಳದಿ ಜ್ವರ ಹೊಸದಾಗಿ ಬಂದಿಳಿದ ಯುರೋಪಿನ ಸೈನಿಕರನ್ನು ಸಾವಿರಗಟ್ಟಲೆ ಬಲಿ ತೆಗೆದುಕೊಂಡಿತು. ದಂಡನಾಯಕ ಲೆಕ್ಲೇರ್ ಕೂಡ ಅದಕ್ಕೇ ಬಲಿಯಾದ. 1803ರ ನವೆಂಬರ್ 18ರ ವೆರ್ತಿಯೇರ್ ಕದನದಲ್ಲಿ, ಹಾಗೆ ತಿರುಗಿಬಿದ್ದ ದಳಪತಿಗಳಲ್ಲೊಬ್ಬನಾದ ದೆಸಾಲಿನ್‌ನ ಸೈನ್ಯ ಗೆದ್ದಿತು.

ಅಮೆರಿಕದ ಕ್ರಾಂತಿಯಲ್ಲಿ ಒಡೆಯರು ಬ್ರಿಟಿಷ್ ದೊರೆಯಿಂದ ಸಿಡಿದರೂ ಗುಲಾಮರ ವಿಷಯದಲ್ಲಿ ಒಂದಾಗಿಯೇ ಉಳಿದರು. 1787ರ ಸಂವಿಧಾನ ಓಡಿಹೋದ ಗುಲಾಮರನ್ನು ಮರಳಿಸಬೇಕೆಂದಿತು, 1808ರವರೆಗೆ ಗುಲಾಮರ ಆಮದಿನ ಮೇಲೆ ನಿಷೇಧ ಹೇರದಂತೆ ಕಾಂಗ್ರೆಸ್ಸಿನ ಕೈ ಕಟ್ಟಿತು. ದಕ್ಷಿಣ ಹೈಟಿಯ ಅಧ್ಯಕ್ಷ ಪೆತಿಯೋನ್ ಮಾತ್ರ 1816ರಲ್ಲಿ, ದಕ್ಷಿಣ ಅಮೆರಿಕದಲ್ಲಿ ಸ್ಪೇನಿನ ವಿರುದ್ಧ ಹೋರಾಡುತ್ತಿದ್ದ ಬೊಲಿವಾರ್‌ಗೆ ಆಯುಧ ಕೊಡುವಾಗ ಗುಲಾಮರ ಬಿಡುಗಡೆಯ ಮಾತು ಪಡೆದುಕೊಂಡ.

ಸೋತ ದಂಗೆಗಳೂ ವ್ಯರ್ಥವಾಗಲಿಲ್ಲ. 1831ರ ಜಮೈಕಾ ದಂಗೆಯ ನಾಯಕ ಸ್ಯಾಮ್ ಶಾರ್ಪ್‌ನನ್ನು 1832ರ ಮೇ 23ರಂದು ಗಲ್ಲಿಗೇರಿಸಿದರು. ಮರುವರ್ಷವೇ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದತಿಯ ಕಾನೂನು ಮಾಡಿತು. ಪರಿಹಾರವೆಂದು 2 ಕೋಟಿ ಪೌಂಡ್ ಸಂದದ್ದು ಒಡೆಯರಿಗೆ. ಬಿಡುಗಡೆಯಾದವರಿಗೆ ಒಂದು ಕಾಸೂ ಇಲ್ಲ, ಸಾಲದ್ದಕ್ಕೆ 1838ರವರೆಗೆ ಹಳೆಯ ಒಡೆಯರಲ್ಲೇ ಕಡ್ಡಾಯ ದುಡಿಮೆ.

ಹೈಟಿಯಿಂದ ಈ ಬೆಲೆಯನ್ನು ನೇರವಾಗಿಯೇ ಕಿತ್ತುಕೊಂಡರು. 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೇ ಚಾರ್ಲ್ಸ್ ಯುದ್ಧನೌಕೆಗಳನ್ನು ಕಳಿಸಿ, ಸ್ವಾತಂತ್ರ್ಯಕ್ಕೆ ಮಾನ್ಯತೆ ಬೇಕಿದ್ದರೆ ಐದು ಕಂತಿನಲ್ಲಿ 15 ಕೋಟಿ ಫ್ರಾಂಕ್ ಕಟ್ಟಿ ಎಂದ. ಮೊದಲ ಕಂತಿಗೇ ಪ್ಯಾರಿಸ್ಸಿನ ಬ್ಯಾಂಕುಗಳಿಂದ 3 ಕೋಟಿ ಸಾಲ ಮಾಡಬೇಕಾಯಿತು, ಕೈಗೆ ಬಂದದ್ದು 2.4 ಕೋಟಿ. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರೂ ಸಾಲ ತೀರಿಸಲು ಮತ್ತೆ ಸಾಲ ಮಾಡುವುದು ತಪ್ಪಲಿಲ್ಲ. ಹಾಗೆ ಬೆಳೆದುಬಂದ ಸಾಲದ ಕೊನೆಯ ಬಾಕಿ ತೀರಿದ್ದು 1947ರಲ್ಲಿ.